ಡಿಬಿಎ ಮನೆಯ ಬ್ಯಾಕಪ್

ಆಫೀಸಿನಲ್ಲಿ ನನ್ನ ಕೆಲಸ ಡೇಟಾಬೇಸ್ ಕಾಯುವುದು. ಬ್ಯಾಕಪ್ ತೆಗೆದರೆ ಸಾಲದು, ರೀಸ್ಟೋರ್ ಮಾಡಿ ನೋಡಬೇಕು ಅಂತ ಹೊಸಬರಿಗೆ ಪಾಠ ಹೇಳುವವನೂ ನಾನೇ. ಅದಕ್ಕೇ ಆ ಶನಿವಾರ ರಾತ್ರಿ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮ ಆಫೀಸಿನ ವಿಕಿಯಲ್ಲಿ ಏನು ಹುಡುಕಿದರೂ 2019ರ ರಜಾ ಪಟ್ಟಿ ಬರುತ್ತದೆ. ಬೇಸತ್ತು ಮನೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಮೆಮೋಸ್ ಎಂಬ ನೋಟ್ಸ್ ಆ್ಯಪ್ ಹಾಕಿಕೊಂಡಿದ್ದೆ. ಓಪನ್ ಸೋರ್ಸ್, ಬೇಕಾದ್ದೆಲ್ಲ ಒಂದೇ ಡಾಕರ್ ಕಂಟೇನರ್ ಎಂಬ ಪೊಟ್ಟಣದಲ್ಲಿ, ಬ್ರೌಸರ್‌ನಲ್ಲಿ 5230ನೇ ಪೋರ್ಟ್ ತೆರೆದರೆ ನೋಟ್ಸ್ ರೆಡಿ. ಪಾಸ್‌ವರ್ಡ್ ಅಲ್ಲಿ ಇಡುತ್ತಿರಲಿಲ್ಲ, ಅಷ್ಟು ಬುದ್ಧಿ ಇತ್ತು. ಆಫೀಸಿನ ಡೇಟಾಬೇಸ್‌ನಲ್ಲಿ ಮಾಡುವ ಚೇಂಜ್‌ನ ಸ್ಟೆಪ್ಸ್, ಕೆಟ್ಟರೆ ಮೊದಲಿನ ಸ್ಥಿತಿಗೆ ತರುವ ರೋಲ್‌ಬ್ಯಾಕ್ ಆರ್ಡರ್ ಎಲ್ಲ ಅಲ್ಲೇ. ದಿನಾ ರಾತ್ರಿ ಕ್ರಾನ್ ಜಾಬ್, ಅಂದರೆ ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ, ಮೆಮೋಸ್‌ನ ಡೇಟಾಬೇಸ್ (ಡಿಬಿ) ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತಿತ್ತು.

ಆ ಶನಿವಾರ ಚೇಂಜ್ ವಿಂಡೋ, ಅಂದರೆ ಬದಲಾವಣೆ ಮಾಡಲು ಕೊಟ್ಟ ಸಮಯ, ರಾತ್ರಿ 11ರಿಂದ 3. ಒಂದೂವರೆಗೆ ಕರೆಂಟ್ ಹೋಗಿ ಬಂತು. ರೂಟರ್‌ಗೆ ಯುಪಿಎಸ್ ಇತ್ತು, ಪೈಗೆ ಇರಲಿಲ್ಲ. ಹತ್ತು ನಿಮಿಷಕ್ಕೆ ಆಫೀಸಿನ ಡೇಟಾಬೇಸ್‌ನ ರೆಪ್ಲಿಕೇಶನ್ (ಇನ್ನೊಂದು ಸರ್ವರ್‌ಗೆ ನಕಲು ಹೋಗುವುದು) ಮುರಿದುಬಿತ್ತು. ರೋಲ್‌ಬ್ಯಾಕ್ ಮಾಡಿ ಅಂದರು. ನೋಟ್ಸ್ ತೆರೆಯಲು ಹೋದರೆ ಪೇಜೇ ಇಲ್ಲ. ಎದ್ದು ಹೋಗಿ ನೋಡಿದೆ. ಪೈನಲ್ಲಿ ಕೆಂಪು ದೀಪ ಮಾತ್ರ, ಹಸಿರು ಮಿಣುಕುತ್ತಲೇ ಇಲ್ಲ. ಎಸ್‌ಡಿ ಕಾರ್ಡ್ ಢಮಾರ್.

ಹೆದರಲಿಲ್ಲ. ಬ್ಯಾಕಪ್ ಇದೆಯಲ್ಲ! ಟೀಮಿನವರೆಲ್ಲ ಸೇರಿದ್ದ ಬ್ರಿಡ್ಜ್ ಕಾಲ್‌ನಲ್ಲಿ "ಎರಡು ನಿಮಿಷ ಸರ್" ಅಂದು ಪೆನ್‌ಡ್ರೈವ್ ಕಿತ್ತು ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಮೆಮೋಸ್ ಚೆನ್ನಾಗೇ ತೆರೆದುಕೊಂಡಿತು. ಎಲ್ಲಕ್ಕಿಂತ ಮೇಲಿನ ನೋಟ್: "ಗ್ಯಾಸ್ ಬುಕ್ ಮಾಡಬೇಕು". ಹದಿನೈದು ದಿನ ಹಳೆಯದು. ಅದರ ಮೇಲೆ ಏನೂ ಇಲ್ಲ. ರಿಫ್ರೆಶ್ ಮಾಡಿದೆ. ಮತ್ತೆ ಮಾಡಿದೆ. ಆ ಕಡೆಯಿಂದ ಮ್ಯಾನೇಜರ್, "ಏನಾದ್ರೂ ಅಪ್‌ಡೇಟ್ ಇದೆಯಾ?" ನಾನು ಮ್ಯೂಟ್‌ನಲ್ಲಿ ಕೂತು ಗ್ಯಾಸ್ ಸಿಲಿಂಡರ್ ನೋಡುತ್ತಿದ್ದೆ.

ಕಾರಣ ಆಮೇಲೆ ಹೊಳೆಯಿತು. ಮೆಮೋಸ್ ಬಳಸುವುದು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್, ಅದೂ ವಾಲ್ (WAL, ರೈಟ್-ಅಹೆಡ್ ಲಾಗ್) ಮೋಡ್‌ನಲ್ಲಿ. ಹೊಸದಾಗಿ ಬರೆದದ್ದು ಮೊದಲು ಪಕ್ಕದ ವಾಲ್ ಫೈಲಿಗೆ ಹೋಗುತ್ತದೆ. ಸಾಮಾನ್ಯವಾಗಿ ಅಲ್ಲಿ 1000 ಪೇಜ್ (ಡೇಟಾದ ಸಣ್ಣ ತುಂಡುಗಳು) ತುಂಬಿದ ಮೇಲೇ ಡಿಬಿ ಫೈಲಿಗೆ ಇಳಿಯುವುದು. ನನ್ನ ಚಿಲ್ಲರೆ ನೋಟ್ಸ್‌ಗೆ ಅಷ್ಟು ತುಂಬಲು ವಾರಗಟ್ಟಲೆ ಬೇಕು. ನಾನು ಡಿಬಿ ಫೈಲ್ ಒಂದನ್ನೇ ಕಾಪಿ ಮಾಡುತ್ತಿದ್ದೆ. ಹದಿನೈದು ದಿನವೂ ಒಂದೇ ಸೈಜ್, ಕ್ರಾನ್ ಲಾಗ್‌ನಲ್ಲಿ ಮಾತ್ರ ದಿನಾ ಸಕ್ಸೆಸ್. ಆಫೀಸಿನಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನು ಸುಮ್ನೆ ಬಿಡುತ್ತಿದ್ದೆನಾ?

ಕೊನೆಗೆ ಕಾಪಾಡಿದ್ದು ಟೀಮಿನ ಹೊಸ ಹುಡುಗಿ. "ಸರ್, ಗುರುವಾರ ನೀವು ಹೇಳ್ತಿದ್ದಾಗ ನಾನು ಬರ್ಕೊಂಡಿದ್ದೆ" ಅಂತ ಒಂದು ಫೋಟೋ ಕಳಿಸಿದಳು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟ. ಒಂಬತ್ತೂ ಸ್ಟೆಪ್ಸ್ ಸರಿಯಾಗಿದ್ದವು. ಎರಡೂ ಮುಕ್ಕಾಲಿಗೆ ರೋಲ್‌ಬ್ಯಾಕ್ ಮುಗಿಯಿತು.

ಈಗ ಕ್ರಾನ್‌ನಲ್ಲಿ ಕಾಪಿ ಬದಲು ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಕಮಾಂಡ್ ಇದೆ. ಭಾನುವಾರ ಕಾಫಿ ಕುಡಿಯುತ್ತಾ ಒಂದು ಸಲ ರೀಸ್ಟೋರ್ ಮಾಡಿ ನೋಡುತ್ತೇನೆ. ರೋಲ್‌ಬ್ಯಾಕ್ ಸ್ಟೆಪ್ಸ್ ಮಾತ್ರ ಆ ದರಿದ್ರ ವಿಕಿಗೂ ಹಾಕುತ್ತೇನೆ.

ಏನು ಕೆಟ್ಟಿತು ಅಂತ ಮೂಲ ಕಾರಣ ಹುಡುಕುವ ಸೋಮವಾರದ ಆರ್‌ಸಿಎ ಮೀಟಿಂಗ್‌ನಲ್ಲಿ ಆ ಫೋಟೋವನ್ನೇ ಲಗತ್ತಿಸಿದ್ದೆ. ಮ್ಯಾನೇಜರ್ ಜೂಮ್ ಮಾಡಿ ನೋಡಿ, "ಏಳನೇ ಸ್ಟೆಪ್ ಪಕ್ಕ ಅರ್ಧ ಲೀಟರ್ ಜಾಸ್ತಿ ಅಂತ ಇದೆಯಲ್ಲ, ಏನದು?" ಅಂದರು.