ಕಚೇರಿ ಮುಗಿದ ಮೇಲಿನ ಶಟಲ್

ಮಾರ್ಚ್ ತಿಂಗಳ ಲೆಕ್ಕಪತ್ರ ಮುಗಿಸುವ ಗಡಿಬಿಡಿಯಲ್ಲಿ ತಲೆ ಚಿಟ್ಟು ಹಿಡಿದಾಗ, ಸಹೋದ್ಯೋಗಿಗಳೊಡನೆ ಒಂದು ಗಂಟೆ ಶಟಲ್ ಬ್ಯಾಡ್ಮಿಂಟನ್ ಆಡಿ ಬಂದರೆ ನಾನು ಮತ್ತೆ ಮನುಷ್ಯನಾಗುತ್ತೇನೆ. ನಡಿಗೆಯೂ ಒಳ್ಳೆಯದೇ, ಆದರೆ ನಡೆಯುವಾಗ ಮೇಲಧಿಕಾರಿಯ ಇಮೇಲ್ ಕೂಡ ಜೊತೆಯಲ್ಲೇ ಬರುತ್ತದೆ. 16 ಗರಿಗಳ, ಐದು ಗ್ರಾಂ ಆಸುಪಾಸು ತೂಗುವ ಕಾಕ್ ಎದುರಾಳಿಯ ರಾಕೆಟ್ಟಿನಿಂದ ಸಿಡಿದು, ಗಾಳಿಯ ತಡೆಗೆ ಥಟ್ಟನೆ ವೇಗ ಕಳೆದುಕೊಂಡು ನೆಟ್ಟಿನ ಈಚೆಗೆ ಇಳಿಯುವಾಗ, ಬೇರೇನನ್ನಾದರೂ ಯೋಚಿಸಲು ಪುರುಸೊತ್ತೇ ಇರುವುದಿಲ್ಲ. ಹಗಲಿಡೀ ತಗ್ಗಿದ ದನಿಯಲ್ಲಿ ಮಾತನಾಡುವ ಕಿರಿಯ ಸಹೋದ್ಯೋಗಿ ಇಲ್ಲಿ ‘ಬಿಡಿ ಸರ್, ಅದು ನಂದು’ ಎಂದು ಕೂಗಿ, ನನ್ನನ್ನೇ ಪಕ್ಕಕ್ಕೆ ಸರಿಸಿ ಸ್ಮ್ಯಾಶ್ ಹೊಡೆಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಮಟ್ಟದ, ಇಲ್ಲವೇ 75ರಿಂದ 150 ನಿಮಿಷಗಳ ಬಿರುಸಿನ ದೈಹಿಕ ಚಟುವಟಿಕೆಯನ್ನು ಸೂಚಿಸಿದ್ದು, ಅದರಿಂದ ಆತಂಕ ಮತ್ತು ಖಿನ್ನತೆಯ ಲಕ್ಷಣಗಳು ತಗ್ಗುತ್ತವೆ, ನಿದ್ರೆಯೂ ಸುಧಾರಿಸುತ್ತದೆ ಎಂದು ಹೇಳಿದೆ. ನಿದ್ರೆಯ ಮಾತಿಗೆ ನಾನೇ ಸಾಕ್ಷಿ. ಹಾಗೆಂದು ಮೂವರ ಕೆಲಸವನ್ನು ಒಬ್ಬರ ಮೇಲೆ ಹೇರಿ, ವರ್ಷಕ್ಕೊಮ್ಮೆ ಕ್ರೀಡಾಕೂಟ ನಡೆಸಿ ಟೀ ಶರ್ಟ್ ಹಂಚುವ ಸಂಸ್ಥೆಗಳ ಜಾಣತನವನ್ನು ನಾನು ಒಪ್ಪಲಾರೆ.

1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆಯವರ ಊರಾದ ಬೆಂಗಳೂರಿನಲ್ಲಿ ಈಗ ಕೋರ್ಟುಗಳಿಗೇನೂ ಬರವಿಲ್ಲವಾದರೂ, ಸಂಜೆ ಏಳರ ಹೊತ್ತಿಗೆ ಖಾಲಿ ಸಿಗುವುದು ಕಷ್ಟ (ಅದೂ ಒಂದು ಒತ್ತಡವೇ ಎನ್ನಿ). ಈ ಶನಿವಾರಕ್ಕೆ ಸಿಕ್ಕಿದೆ, ಡಬಲ್ಸ್‌ಗೆ ಒಬ್ಬರು ಕಡಿಮೆ ಇದ್ದಾರೆ. ಮೊಣಕಾಲು ಗಟ್ಟಿಯಿರುವವರು ದಯವಿಟ್ಟು ತಿಳಿಸಿ.