ನಾಲ್ಕನೇ ದಿನ ಮರಿ ಸುಮ್ಮನಾಯಿತು

ನಾಯಿಗಳಿಗೆ ತರಬೇತಿ ಕೊಡುವ ಕೆಲಸಕ್ಕೆ ನಾನು ಬಂದದ್ದು 2012ರಲ್ಲಿ. ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಲ್ಲಿ ಮನೆಯಿಂದ ಮನೆಗೆ ಸ್ಕೂಟರಿನಲ್ಲಿ ಓಡಾಡುವ ಕೆಲಸ. ಮೊದಲ ನಾಲ್ಕು ವರ್ಷ, ಮರಿಯನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟುಹೋಗುವುದು ಹೇಗೆ ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದ ಮಾತು ಒಂದೇ: “ಬಾಗಿಲು ಹಾಕಿಕೊಂಡು ಹೊರಟುಬಿಡಿ. ಮೂರು ದಿನ ಅಳುತ್ತದೆ, ನಾಲ್ಕನೇ ದಿನ ಸುಮ್ಮನಾಗುತ್ತದೆ. ಅಳುವಾಗ ಒಳಗೆ ಹೋದಿರೋ, ಅತ್ತರೆ ಇವರು ಬರುತ್ತಾರೆ ಎಂದು ಕಲಿತುಬಿಡುತ್ತದೆ.” ನನಗೆ ಕೆಲಸ ಕಲಿಸಿದವರೂ ಹಾಗೆಯೇ ಹೇಳಿದ್ದರು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನೂ ಜೊತೆಗೆ ಸೇರಿಸುತ್ತಿದ್ದೆ. ಕೇಳಿದವರು ತಲೆಯಾಡಿಸುತ್ತಿದ್ದರು.

2016ರಲ್ಲಿ ಜಯನಗರದ ಒಂದು ಫ್ಲ್ಯಾಟಿಗೆ ಹೋಗಿದ್ದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಒಂಬತ್ತು ವಾರದ ಲ್ಯಾಬ್ರಡಾರ್ ಮರಿ, ಹೆಸರು ಗುಂಡ. ಅವರಿಗೂ ಅದೇ ಮಾತು ಹೇಳಿದೆ. ಬಟ್ಟೆ ಪಾತ್ರೆ ತೊಳೆಯುವ ಯುಟಿಲಿಟಿಯಲ್ಲಿ ಹಾಸಿಗೆ ಹಾಕಿ, ನೀರಿಟ್ಟು, ಬಾಗಿಲು ಹಾಕಿಕೊಂಡು ಹೋಗಿ ಎಂದೆ. ಮೊದಲ ದಿನ ಎದುರು ಮನೆಯವರು ದೂರಿದರಂತೆ. ಮೂರನೇ ದಿನ ದನಿ ಒಡೆದಿತ್ತಂತೆ. ನಾಲ್ಕನೇ ದಿನ ಆ ಹೆಣ್ಣುಮಗಳು ಫೋನ್ ಮಾಡಿ, “ಮೇಡಂ, ನೀವು ಹೇಳಿದ ಹಾಗೆಯೇ ಆಯಿತು, ಸದ್ದೇ ಇಲ್ಲ” ಎಂದರು. ನನಗೂ ಸಂತೋಷವಾಯಿತು.

ಆರು ತಿಂಗಳ ನಂತರ ಅವರದೇ ಫೋನ್ ಬಂತು. ಗುಂಡ ಮುಂಗಾಲನ್ನು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿತ್ತು. ಪಶುವೈದ್ಯರು ಚರ್ಮದ ರೋಗ ಏನೂ ಇಲ್ಲ ಎಂದು ಹೇಳಿ, ಮನೆಯಲ್ಲಿ ಯಾರೂ ಇಲ್ಲದಾಗ ಏನು ಮಾಡುತ್ತದೆ ನೋಡಿ ಎಂದು ನನ್ನ ಬಳಿಗೆ ಕಳಿಸಿದ್ದರು. ಹಳೆಯ ಮೊಬೈಲೊಂದನ್ನು ವಾಷಿಂಗ್ ಮಷಿನ್ನಿನ ಮೇಲಿಟ್ಟು, ವಿಡಿಯೊ ಚಾಲೂ ಮಾಡಿ, ಮೂವರೂ ಕೆಳಗಿಳಿದು ಹೋಗಿ ಒಂದು ಗಂಟೆ ಬಿಟ್ಟು ಬಂದೆವು.

ಆ ವಿಡಿಯೊವನ್ನು ನಾನು ಇವತ್ತಿಗೂ ಮರೆತಿಲ್ಲ. ಗುಂಡ ಅಳಲಿಲ್ಲ, ಬೊಗಳಲಿಲ್ಲ. ಒಂದು ಗಂಟೆಯ ಉದ್ದಕ್ಕೂ ಮಲಗಲೂ ಇಲ್ಲ. ಬಾಗಿಲಿಗೆ ಮೂತಿ ಹಚ್ಚಿ ನಿಂತಿತ್ತು. ಬಾಯಿಂದ ಜೊಲ್ಲು ಸುರಿದು ನೆಲದಲ್ಲಿ ಸಣ್ಣ ಮಡು ಆಗಿತ್ತು. ನಾಯಿಗೆ ಅಂಗಾಲಿನಲ್ಲಿ ಬೆವರುತ್ತದೆ. ಗ್ರಾನೈಟ್ ನೆಲದ ಮೇಲೆ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಒದ್ದೆ ಹೆಜ್ಜೆಗಳು ಮೂಡಿದ್ದವು. ಆಮೇಲೆ ಕೂತು ಕಾಲು ನೆಕ್ಕತೊಡಗಿತು. ನಾನು ಕಲಿಸಿದ್ದು ಇದನ್ನು. ಒಂಟಿಯಾಗಿರುವುದನ್ನಲ್ಲ, ಅತ್ತು ಪ್ರಯೋಜನವಿಲ್ಲ ಎಂಬುದನ್ನು.

ಆ ಮನೆಯವರ ಕ್ಷಮೆ ಕೇಳಿದೆ. ಅವರಿಂದ ಹಣ ಪಡೆಯದೆ ನಾಲ್ಕು ತಿಂಗಳು ಗುಂಡನ ಜೊತೆ ಮೊದಲಿನಿಂದ ಶುರುಮಾಡಿದೆ. ಅಲ್ಲಿಂದಾಚೆಗೆ ನನ್ನ ಕೆಲಸದ ಬಗೆಯೇ ಬದಲಾಯಿತು.

ಈಗ ಯಾವ ಮನೆಗೆ ಹೋದರೂ ಮೊದಲು ಕೇಳುವುದು ಮರಿಯ ವಯಸ್ಸು. ನಮ್ಮ ದೇಶದ ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೂ ಮೂವತ್ತೈದು, ನಲವತ್ತು ದಿನದ ಮರಿಗಳು ಬಟ್ಟೆಯ ಬುಟ್ಟಿಯಲ್ಲಿ ಬರುತ್ತಲೇ ಇವೆ. “ಚಿಕ್ಕದಿದ್ದಾಗ ತಂದರೆ ನಮಗೆ ಹೊಂದಿಕೊಳ್ಳುತ್ತದೆ” ಎಂದು ಮಾರುವವರು ಹೇಳಿರುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ವಯಸ್ಸಿನ ಮರಿ ತಾಯಿಯ ಹೊಟ್ಟೆಗೆ ಒತ್ತಿಕೊಂಡು, ಒಡಹುಟ್ಟಿದವುಗಳ ರಾಶಿಯಲ್ಲಿ ಮಲಗಿರಬೇಕಾದ್ದು. ಅದು ಹುಟ್ಟಿದ ಮೇಲೆ ಒಂದು ಕ್ಷಣವೂ ಒಂಟಿಯಾಗಿ ಇದ್ದದ್ದೇ ಇಲ್ಲ. ಅಂಥದ್ದನ್ನು ತಂದು ಮೊದಲ ರಾತ್ರಿಯೇ ಯುಟಿಲಿಟಿಯಲ್ಲಿ ಕೂಡಿಹಾಕಿದರೆ ಅದು ಅಳುವುದು ಹಟದಿಂದಲ್ಲ. ತಾಯಿಯನ್ನು ಕಳೆದುಕೊಂಡ ಮರಿ ಕಾಡಿನಲ್ಲಿ ಬದುಕಿ ಉಳಿಯಬೇಕಾದರೆ ಮಾಡಬೇಕಾದದ್ದನ್ನೇ ಅದು ಮಾಡುತ್ತಿದೆ: ಕೂಗಿ ಕರೆಯುತ್ತಿದೆ.

ಹಾಗಾಗಿ ಮೊದಲ ಎರಡು ವಾರ ಮರಿಯ ಹಾಸಿಗೆ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ ಎನ್ನುತ್ತೇನೆ. ರಾತ್ರಿ ಕುಂಯ್‌ಗುಟ್ಟಿದರೆ ಕೈ ಇಳಿಬಿಟ್ಟು ಮುಟ್ಟಿ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರ ತಡೆದುಕೊಳ್ಳಲಾರದು, ರಾತ್ರಿ ಒಮ್ಮೆಯಾದರೂ ಎದ್ದು ಹೊರಗೆ ಒಯ್ಯಬೇಕು. “ಹೀಗೆ ಮಾಡಿದರೆ ಅಂಟಿಕೊಂಡುಬಿಡುವುದಿಲ್ಲವೇ?” ಎಂದು ಎಲ್ಲರೂ ಕೇಳುತ್ತಾರೆ. ನಾನು ನೋಡಿದ್ದು ಇದಕ್ಕೆ ತದ್ವಿರುದ್ಧ. ಹತ್ತಿರದಲ್ಲಿ ನೆಮ್ಮದಿ ಕಂಡ ಮರಿಯೇ ದೂರ ಹೋಗಿ ಮಲಗುವ ಧೈರ್ಯ ಮಾಡುತ್ತದೆ.

ಇನ್ನು ಒಂಟಿತನದ ಅಭ್ಯಾಸ. ಇದು ಬಾಗಿಲಿನ ಹೊರಗೆ ಶುರುವಾಗುವುದಿಲ್ಲ, ಮನೆಯ ಒಳಗೇ ಶುರುವಾಗುತ್ತದೆ. ಅಡುಗೆಮನೆಗೆ ಅಡ್ಡಗೇಟು ಹಾಕಿ ನೀವು ಒಳಗೆ ತರಕಾರಿ ಹೆಚ್ಚುತ್ತಿರಿ, ಮರಿ ಆಚೆ ನಿಮ್ಮನ್ನು ನೋಡುತ್ತ ಇರಲಿ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮುಖ ತೊಳೆದು ಬನ್ನಿ. ಇವು ಸಲೀಸಾದ ಮೇಲೆ ಮುಂಬಾಗಿಲು. ಬಾಗಿಲಿನ ಹಿಡಿಯನ್ನು ಮುಟ್ಟಿ ಹಿಂದಕ್ಕೆ ಬನ್ನಿ. ಮರಿ ತಲೆ ಎತ್ತದೆ ಇದ್ದರೆ ಬಾಗಿಲು ತೆರೆದು ಮುಚ್ಚಿ. ಆಮೇಲೆ ಹೊರಗೆ ಹೋಗಿ ಐದು ಸೆಕೆಂಡ್ ನಿಂತು ಒಳಗೆ ಬನ್ನಿ. ಐದೇ ಸೆಕೆಂಡ್. ಸಡಗರವಿಲ್ಲದೆ ಹೋಗುವುದು, ಸಡಗರವಿಲ್ಲದೆ ಬರುವುದು.

ಗಂಟೆಗಟ್ಟಲೆ ಬಿಟ್ಟುಹೋಗುವುದು ಹೇಗೆ ಎಂದು ಕೇಳಲು ನನ್ನನ್ನು ಕರೆಸಿದವರಿಗೆ ಐದು ಸೆಕೆಂಡಿನ ಮಾತು ಕೇಳಿ ಬೇಸರವಾಗುತ್ತದೆ, ಅದು ನನಗೆ ಗೊತ್ತು. ಆದರೆ ಇಲ್ಲಿ ಅಳೆಯಬೇಕಾದದ್ದು ಹೊತ್ತನ್ನಲ್ಲ, ಮರಿಯ ಮೈಯನ್ನು. ಸೆಕೆ ಇಲ್ಲದಿದ್ದರೂ ಏದುಸಿರು, ಪದೇ ಪದೇ ತುಟಿ ನೆಕ್ಕುವುದು, ನಿದ್ದೆ ಬಾರದೆ ಆಕಳಿಸುವುದು, ಬಾಗಿಲು ಕಿಟಕಿಗಳ ನಡುವೆ ಓಡಾಟ, ನಡುಕ. ಇವುಗಳಲ್ಲಿ ಒಂದು ಕಂಡರೂ ಹೊತ್ತು ಹೆಚ್ಚಾಯಿತು ಎಂದೇ ಅರ್ಥ. ಇಪ್ಪತ್ತು ಸೆಕೆಂಡಿಗೆ ಕಂಡರೆ ನಾಳೆ ಹತ್ತು ಸೆಕೆಂಡ್. ಅಳು ಶುರುವಾಗುವವರೆಗೆ ಕಾಯುವುದೇ ತಪ್ಪು. ಅತ್ತುಬಿಟ್ಟರೆ? ಒಳಗೆ ಹೋಗಿ ಎನ್ನುತ್ತೇನೆ. ನಾನು ಮೊದಲು ಹೇಳುತ್ತಿದ್ದುದಕ್ಕೆ ನೇರ ವಿರುದ್ಧ. ಭಯವನ್ನು ಸಂತೈಸಿದರೆ ಭಯ ಬೆಳೆಯುವುದಿಲ್ಲ.

ತಿಂಡಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು, ನಾನೂ ಇದರಲ್ಲಿ ಬಹಳ ಸಲ ಮೋಸ ಹೋಗಿದ್ದೇನೆ. ಟೊಳ್ಳಾದ ರಬ್ಬರ್ ಆಟಿಕೆಯಲ್ಲಿ ಉಪ್ಪಿಲ್ಲದ ಮೊಸರನ್ನ ತುಂಬಿ ಫ್ರೀಜರಿನಲ್ಲಿ ಗಟ್ಟಿಮಾಡಿ ಕೊಟ್ಟರೆ ಮರಿ ಅರ್ಧ ಗಂಟೆ ನೆಕ್ಕುತ್ತ ಕೂರುತ್ತದೆ. ಒಳ್ಳೆಯ ಉಪಾಯ. ಒಗ್ಗರಣೆಯ ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಸೇರಬಾರದು, ಅವು ನಾಯಿಗೆ ವಿಷ. ಆದರೆ “ಕೊಟ್ಟದ್ದನ್ನೆಲ್ಲ ತಿಂದು ಮುಗಿಸುತ್ತದೆ ಮೇಡಂ, ಆರಾಮವಾಗಿದೆ” ಎಂದ ಎಷ್ಟೋ ಮನೆಗಳಲ್ಲಿ ವಿಡಿಯೊ ನೋಡಿದರೆ, ಮರಿ ಆಟಿಕೆಯನ್ನು ಮೂಸಿಯೂ ನೋಡಿರುವುದಿಲ್ಲ. ಕೆಳಗೆ ಸ್ಕೂಟರಿನ ಸದ್ದು ಕೇಳಿ, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿ, ಬಾಗಿಲು ತೆರೆದ ಮೇಲೆ ಗಬಗಬ ತಿಂದಿರುತ್ತದೆ. ಹೆದರಿದ ಪ್ರಾಣಿಗೆ ಅನ್ನ ಇಳಿಯುವುದಿಲ್ಲ, ನಮ್ಮ ಹಾಗೆಯೇ. ಖಾಲಿ ಆಟಿಕೆಯನ್ನು ನಂಬಬೇಡಿ, ವಿಡಿಯೊ ನೋಡಿ.

ಹರಿದ ಚಪ್ಪಲಿಯ ವಿಷಯಕ್ಕೂ ಹೀಗೆಯೇ. “ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ” ಎನ್ನುತ್ತಾರೆ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದ್ದರು. ತಪ್ಪು ಮಾಡಿದ ನಾಯಿಗೂ ಮಾಡದ ನಾಯಿಗೂ ಆ ಮುಖದಲ್ಲಿ ವ್ಯತ್ಯಾಸ ಇರಲಿಲ್ಲ. ಯಜಮಾನರು ಗದರಿದಾಗ ಆ ಮುಖ ಹೆಚ್ಚಾಗಿ ಕಾಣಿಸಿತು. ಅದು ಪಶ್ಚಾತ್ತಾಪವಲ್ಲ, ಅಂಜಿಕೆ. ಒಂಟಿಯಾಗಿದ್ದು ಹೆದರಿ ಚಪ್ಪಲಿ ಕಚ್ಚಿದ ಮರಿಗೆ, ನೀವು ಬಂದ ಮೇಲೂ ಹೆದರಿಕೆಯೇ ಕಾದಿದ್ದರೆ ಅದು ಎಲ್ಲಿಗೆ ಹೋಗಬೇಕು?

2022ರಲ್ಲಿ ಕಚೇರಿಗಳು ಮತ್ತೆ ತೆರೆದಾಗ ನನಗೆ ದಿನಕ್ಕೆ ಏಳೆಂಟು ಫೋನ್ ಬರುತ್ತಿದ್ದವು. ಲಾಕ್‌ಡೌನಿನಲ್ಲಿ ತಂದ ಮರಿಗಳು ಎರಡು ವರ್ಷದ ನಾಯಿಗಳಾಗಿದ್ದವು, ಒಂದು ಮಧ್ಯಾಹ್ನವೂ ಒಂಟಿಯಾಗಿ ಕಳೆದಿರಲಿಲ್ಲ. ಬಾಗಿಲಿನ ಚೌಕಟ್ಟು ಕೆರೆದು ಉಗುರು ಕಿತ್ತುಕೊಂಡ ನಾಯಿಯನ್ನು ಆ ವರ್ಷ ಕಂಡೆ. ಅಂಥ ಕಡೆ ತರಬೇತಿಯೊಂದೇ ಸಾಲದು, ಪಶುವೈದ್ಯರ ಬಳಿಗೆ ಕಳಿಸುತ್ತೇನೆ. ಇದಕ್ಕೆಂದೇ ಔಷಧಿಗಳಿವೆ, ಅಮೆರಿಕದಲ್ಲಿ ಕ್ಲೋಮಿಪ್ರಮೀನ್‌ಗೆ 1998ರಲ್ಲೇ, ಫ್ಲುಒಕ್ಸೆಟೀನ್‌ಗೆ 2007ರಲ್ಲಿ ನಾಯಿಗಳ ಈ ತೊಂದರೆಗೆಂದು ಅನುಮತಿ ಸಿಕ್ಕಿದೆ. “ನಾಯಿಗೆ ಹುಚ್ಚಿನ ಮಾತ್ರೆಯೇ?” ಎಂದು ಹಿಂಜರಿಯುತ್ತಾರೆ. ಕಾಲು ಮುರಿದರೆ ಪಟ್ಟಿ ಕಟ್ಟಿಸುವುದಿಲ್ಲವೇ? ಆದರೆ ಮನುಷ್ಯರ ಮಾತ್ರೆಯನ್ನು ಮನೆಯಲ್ಲೇ ಮುರಿದು ಕೊಡುವ ಕೆಲಸ ಮಾತ್ರ ಬೇಡ. ಜೊತೆಗಿರಲಿ ಎಂದು ಎರಡನೇ ನಾಯಿ ತರುವುದೂ ಸಾಮಾನ್ಯವಾಗಿ ಫಲಿಸುವುದಿಲ್ಲ, ಮೊದಲನೆಯದಕ್ಕೆ ಬೇಕಾಗಿರುವುದು ಮನುಷ್ಯರು.

ನೆರೆಯವರ ದೂರು ಇದ್ದೇ ಇರುತ್ತದೆ. ಬೊಗಳುತ್ತದೆ ಎಂಬ ಕಾರಣಕ್ಕೆ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆ ಕಾಗದವನ್ನು ಹಿಡಿದು ಜಗಳಕ್ಕೆ ನಿಲ್ಲುವ ಮೊದಲು, ಮರಿ ತಂದ ವಾರವೇ ಪಕ್ಕದ ಮನೆಗೆ ಹೋಗಿ, ಹೀಗೆ ಅಭ್ಯಾಸ ಮಾಡಿಸುತ್ತಿದ್ದೇವೆ, ಸದ್ದು ಕೇಳಿದರೆ ಫೋನ್ ಮಾಡಿ ಎಂದು ಹೇಳಿ ಬನ್ನಿ. ಬಹಳ ಮನೆಗಳಲ್ಲಿ ಅವರೇ ಮರಿಯನ್ನು ನೋಡಿಕೊಳ್ಳುವವರಾಗಿದ್ದಾರೆ.

ಅಂಥ ನೆರವು ಬೇಕೇ ಬೇಕು, ಏಕೆಂದರೆ ನಿಜವಾದ ಕಷ್ಟ ಇರುವುದು ಇಲ್ಲಿಯೇ: ಅಭ್ಯಾಸ ಸೆಕೆಂಡಿನ ಲೆಕ್ಕದಲ್ಲಿ ಸಾಗುವಾಗ ಕಚೇರಿಗೆ ಹೋಗುವುದು ಹೇಗೆ? ಆ ದಿನಗಳಲ್ಲಿ ಮರಿಯ ಜೊತೆ ಯಾರಾದರೂ ಇರಲೇಬೇಕು. ಬೇರೆ ದಾರಿಯನ್ನು ನಾನು ಕಂಡಿಲ್ಲ. ರಜೆ, ಮನೆಯಿಂದ ಕೆಲಸ, ಊರಿನಿಂದ ಬಂದ ಅಮ್ಮ, ಸಂಬಳ ಕೊಟ್ಟು ಕೂರಿಸಿದ ಹುಡುಗ, ಏನಾದರೂ ಸರಿ. ಇದನ್ನು ಹೊಂದಿಸಲಾಗದು ಎನ್ನುವವರಿಗೆ ಈಗಲೇ ಮರಿ ತರಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಒಬ್ಬರೇ ಇದ್ದು ಇದನ್ನು ಹೊಂದಿಸಿದವರನ್ನೂ ಬಲ್ಲೆ. ವಿಜಯನಗರದ ಬಾಡಿಗೆ ಮನೆಯೊಂದರ ಮಹಡಿಯಲ್ಲಿರುವ ನರ್ಸ್ ಒಬ್ಬರು, ಶಿವಮೊಗ್ಗ ಕಡೆಯವರು, ಕಳೆದ ಮಳೆಗಾಲದಲ್ಲಿ ಮೋರಿಯ ಬದಿ ಸಿಕ್ಕ ಕೆಂಪು ಬಣ್ಣದ ಬೀದಿಮರಿಯನ್ನು ತಂದು ಕೆಂಚಿ ಎಂದು ಹೆಸರಿಟ್ಟಿದ್ದರು. ಪಾಳಿಯ ಕೆಲಸ. ಅವರು ಆಸ್ಪತ್ರೆಗೆ ಹೋದಾಗ ಕೆಳಗಿನ ಮನೆಯ ಮಾಲೀಕರ ತಾಯಿ ಕೆಂಚಿಯನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತಿದ್ದರು. ಬಾಗಿಲಿನ ಅಭ್ಯಾಸ ಮಾಡಿಸುವುದನ್ನು ನಾನು ತೋರಿಸುತ್ತಿದ್ದಾಗ ಆ ಅಜ್ಜಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. “ಕೂಸನ್ನು ತೊಟ್ಟಿಲಲ್ಲಿ ಬಿಟ್ಟು ಬಾವಿಗೆ ಹೋಗುವಾಗ ನಾವೂ ಹೀಗೆಯೇ ಮಾಡುತ್ತಿದ್ದೆವಲ್ಲಮ್ಮ. ಹಾಡುತ್ತ ಹಾಡುತ್ತ ಒಂದೊಂದೇ ಹೆಜ್ಜೆ ದೂರ ಹೋಗುವುದು. ದನಿ ಕೇಳುತ್ತಿದೆ ಎಂದು ಕೂಸು ನಿದ್ದೆಮಾಡುತ್ತಿತ್ತು” ಎಂದರು. ನಾಲ್ಕು ವರ್ಷ ತಪ್ಪಾಗಿ ಹೇಳಿ, ಆಮೇಲೆ ಕಷ್ಟಪಟ್ಟು ನಾನು ಕಲಿತದ್ದು ಆ ಅಜ್ಜಿಗೆ ಮೊದಲೇ ಗೊತ್ತಿತ್ತು.

ಮೊದಲ ವಾರ ಕೆಂಚಿ ಎರಡು ನಿಮಿಷ ಮುಟ್ಟಲಿಲ್ಲ. ಬೀಗದ ಕೈ ಅಲುಗಿದರೆ ಸಾಕು ಎದ್ದು ನಿಲ್ಲುತ್ತಿತ್ತು. ಅದಕ್ಕೆ ಆಕೆ ದಿನಕ್ಕೆ ಹತ್ತು ಸಲ ಬೀಗದ ಕೈ ಎತ್ತಿಕೊಂಡು ಟಿವಿ ಮುಂದೆ ಕೂತರು, ಆಸ್ಪತ್ರೆಯ ಬ್ಯಾಗ್ ಹೆಗಲಿಗೇರಿಸಿಕೊಂಡು ಪಾತ್ರೆ ತೊಳೆದರು. ಏಳನೇ ವಾರಕ್ಕೆ ಅರ್ಧ ಗಂಟೆ ದಾಟಿತು. ಆ ಅರ್ಧ ಗಂಟೆಯೇ ಗಟ್ಟಿ ಏರು, ಅದನ್ನು ಹತ್ತಿದ ಮೇಲೆ ಹೊತ್ತು ಬೇಗ ಬೇಗ ಬೆಳೆಯಿತು. ದೀಪಾವಳಿಯ ಪಟಾಕಿಗೆ ಬೆದರಿ ಮತ್ತೆ ಐದು ನಿಮಿಷಕ್ಕೆ ಇಳಿಯಿತು. ಆಕೆ ಫೋನಿನಲ್ಲಿ ಅತ್ತರು. ಕೆಳಗಿನಿಂದ ಮತ್ತೆ ಹತ್ತಿಸಿದೆವು, ಎರಡನೇ ಸಲ ಹತ್ತು ದಿನ ಸಾಕಾಯಿತು.

ಜನವರಿಯಲ್ಲಿ ಒಂದು ದಿನ ಮಧ್ಯಾಹ್ನ ನನಗೊಂದು ವಿಡಿಯೊ ಕಳಿಸಿದ್ದರು. ಪಕ್ಕದ ಮನೆಗೆ ಗ್ಯಾಸ್ ಸಿಲಿಂಡರ್ ಬಂದಿದೆ, ಮೆಟ್ಟಿಲ ಮೇಲೆ ದಡದಡ ಸದ್ದು. ಕೆಂಚಿ ತಲೆ ಎತ್ತಿ, ಒಂದು ಕಿವಿ ನಿಮಿರಿಸಿ ಬಾಗಿಲ ಕಡೆ ನೋಡುತ್ತದೆ. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟು, ಆಕೆಯ ಹಳೆಯ ಟವೆಲ್ಲಿನ ಮೇಲೆ ಗದ್ದ ಊರಿ, ನಾಲ್ಕೂ ಕಾಲು ಚಾಚಿ ಪಕ್ಕಕ್ಕೆ ಉರುಳುತ್ತದೆ. ವಿಡಿಯೊ ಕೆಳಗೆ ಒಂದು ಸಾಲು ಬರೆದಿದ್ದರು: “ವಾರ್ಡಿನಲ್ಲಿದ್ದೇನೆ ಮೇಡಂ. ಇದನ್ನೇ ನೋಡುತ್ತ ಕೂತೆ, ಟೀ ಆರಿಹೋಯಿತು.”