ಪ್ರಶ್ನೆ ಕೇಳುವ ಟ್ಯಾಬ್ ಅವರ ಕೈಯಲ್ಲೇ ಇರಲಿ

ಮೈಸೂರಿನ ಸಿಟಿ ಬಸ್ ನಿಲ್ದಾಣದಲ್ಲಿ ತಮ್ಮ ಬಸ್ಸನ್ನು ಗುರುತು ಹಿಡಿಯಲು ಬೌದ್ಧಿಕ ವೈಕಲ್ಯವಿರುವವರಿಗೆ ಎಲ್ಲಿ ತೊಡಕಾಗುತ್ತದೆ? ಇಂಥ ಅಧ್ಯಯನದಲ್ಲಿ ಪ್ರಶ್ನೆ ಕೇಳುವವರೂ ಅವರೇ ಆಗಬೇಕು, ಅಂದರೆ ಅವರು ಸಹಸಂಶೋಧಕರು. ಅದಕ್ಕೆ ಟ್ಯಾಬನ್ನು ಮೊದಲೇ ಹದ ಮಾಡಿಟ್ಟುಕೊಳ್ಳಬೇಕು.

ಒಂದು ಪರದೆಗೆ ಒಂದೇ ಪ್ರಶ್ನೆ: ಮೇಲೆ ಚಿತ್ರ, ಕೆಳಗೆ ದೊಡ್ಡ ಧ್ವನಿ ಗುಂಡಿ. ಸ್ಪೇನಿನ ಅರಸಾಕ್ ಚಿತ್ರಸಂಗ್ರಹ ಉಚಿತವಾಗಿ ಸಿಗುತ್ತದೆ. ಆದರೆ ಬಸ್ಸಿಗೆ ನಮ್ಮ ನಿಲ್ದಾಣದ ಫೋಟೋನೇ ವಾಸಿ. ಧ್ವನಿಯೂ ಅಷ್ಟೆ, "ಯಾವ ಬಸ್ಸಲ್ಲಿ ಬರ್ತೀರಾ?" ಅಂತ ಸಹಸಂಶೋಧಕರೇ ರೆಕಾರ್ಡ್ ಮಾಡಲಿ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ ಮಾಡಿ (ಅಂದರೆ ಬೇರೆ ಆ್ಯಪ್‌ಗೆ ಹೋಗದಂತೆ ಪರದೆಯಲ್ಲೇ ನಿಲ್ಲಿಸಿ), ಪರದೆ ತಿರುಗುವುದನ್ನೂ ನೋಟಿಫಿಕೇಶನ್‌ಗಳನ್ನೂ ನಿಲ್ಲಿಸಿ. ಕೆಲವರು ಬೆರಳು ಒತ್ತಿಯೇ ಹಿಡಿಯುತ್ತಾರೆ, ಆಗ ಬೇರೆ ಮೆನು ತೆರೆದು ಕೆಲಸ ಕೆಡುತ್ತದೆ. ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಒತ್ತಿ ಹಿಡಿಯುವ ಅವಧಿ ಹೆಚ್ಚಿಸಿದರೆ ಇದು ಬಹುಪಾಲು ತಪ್ಪುತ್ತದೆ. ಇಂಜಿನ್ ಸದ್ದಿಗೆ ಕಾಲರ್ ಮೈಕ್ ಬೇಕೇ ಬೇಕು.

ಒಪ್ಪಿಗೆಯ ವಿಷಯದಲ್ಲಿ ಸಡಿಲ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 6ನೇ ಸೆಕ್ಷನ್, ಆ ವ್ಯಕ್ತಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಿ ಅವರದೇ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಸರ್ಕಾರ ರಚಿಸಿದ ಸಂಶೋಧನಾ ಸಮಿತಿಯ ಪೂರ್ವಾನುಮತಿಯೂ ಬೇಕು. ಅಪ್ಪ ಅಮ್ಮ ಸಹಿ ಹಾಕಿದರು ಎಂದು ಮುಂದುವರಿಯುವುದು ನನ್ನ ಪ್ರಕಾರ ಅಗೌರವ. ಪ್ರತಿ ಸಲ ಕೇಳಿ, "ಸಾಕು" ಎನ್ನಲು ಕೆಂಪು ಕಾರ್ಡ್ ಕೈಗೆ ಕೊಡಿ. ಮಾತು ಕಡಿಮೆ ಇರುವವರಿಗೆ ಚಿತ್ರ ಹೊಂದಿಸಲು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ತಜ್ಞರನ್ನು ಕೇಳಬಹುದು.

ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯವನ್ನು ನೆಚ್ಚಿಕೊಳ್ಳಬೇಡಿ. ತೊದಲು ಮಾತನ್ನು ಅದು ಊಹಿಸಿ ನೀಟಾದ ವಾಕ್ಯ ಮಾಡಿಬಿಡುತ್ತದೆ, ತಪ್ಪು ಕಣ್ಣಿಗೇ ಬೀಳುವುದಿಲ್ಲ. ಮೂಲ ದಾಖಲೆ ಆಡಿಯೊ. ಟೈಪಾದದ್ದು ಕರಡು ಮಾತ್ರ.

ಇನ್ನು ವಿಶ್ಲೇಷಣೆ. ಸಹಸಂಶೋಧಕರನ್ನು ಹೊರಗಿಡುವುದು ಹೆಚ್ಚಾಗಿ ಇಲ್ಲೇ, ಹಾಗಾಗಬಾರದು. ಆಡಿಯೊವನ್ನು 20–30 ಸೆಕೆಂಡಿನ ತುಣುಕು ಮಾಡಿ ಸಂಖ್ಯೆ ಕೊಡಿ, ಅದೇ ಸಂಖ್ಯೆಯ ಚಿತ್ರದ ಕಾರ್ಡ್ ಮುದ್ರಿಸಿ. ನೆಲದ ಮೇಲೆ ಕೂತು ಕೇಳುತ್ತಾ ಒಂದೇ ಥರದವನ್ನು ಗುಂಪು ಹಾಕಲಿ. ಗುಂಪಿಗೆ ಹೆಸರಿಡುವುದೂ ಅವರೇ. "ಇದು ಸರೀನಾ?" ಎಂದರೆ ಬಹಳ ಜನ "ಹೂಂ" ಎಂದುಬಿಡುತ್ತಾರೆ. ಬದಲಿಗೆ ಎರಡು ಕಾರ್ಡ್ ತೋರಿಸಿ, ಆಮೇಲೆ ಎಡಬಲ ಅದಲುಬದಲು ಮಾಡಿ ಮತ್ತೆ ಕೇಳಿ. ಎರಡೂ ಸಲ ಬಲಗಡೆಯದನ್ನೇ ಮುಟ್ಟಿದರೆ ಉತ್ತರವೆಂದು ಬರೆದುಕೊಳ್ಳದೆ, ಪ್ರಶ್ನೆಯನ್ನೇ ಸರಳ ಮಾಡಿ. ಇಬ್ಬರು ಬೇರೆ ಬೇರೆ ಗುಂಪು ಮಾಡಿದರೆ ಎರಡರ ಫೋಟೋನೂ ತೆಗೆದಿಟ್ಟು, ಎರಡನ್ನೂ ವರದಿಗೆ ಸೇರಿಸಿ.